ದೇವರ ಕೋಣೆಯ ಪಾಯ

ನಮ್ಮಣ್ಣ ಗಂಗಯ್ಯ ಮನೆಯ ಹತ್ತಿರ ಬಂದಿದ್ದಾನೆ ಎನ್ನುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಹೆಗಲ ಮೇಲೊಂದು ಗೋಣಿಚೀಲ, ಅದರ ತುಂಬ ಕೋಳಿಮೊಟ್ಟೆಯ ಸಿಪ್ಪೆ. ಬೆಳಕು ಹರಿಯುವ ಮುಂಚೆ ಎದ್ದು ಕಾಟನ್‌ಪೇಟೆಯ ಬೇಕರಿಗಳ ಹಿಂಬಾಗಿಲು, ಮಿಲಿಟ್ರಿ ಹೋಟೆಲುಗಳ ಕಸದ ತೊಟ್ಟಿ ಎಲ್ಲ ಸುತ್ತಿ, ಮಾಗಡಿ ರಸ್ತೆ ಹಿಡಿದು ಹೊಸಹಳ್ಳಿಗೆ ನಡೆದು ಬರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಸಿಪ್ಪೆಗೆ ಅಂಟಿದ್ದ ಲೋಳೆ ನಾರುತ್ತಾ ಚೀಲದಿಂದ ಇಳಿದು ಅವನ ಬೆನ್ನ ಮೇಲೆ ಒಣಗಿರುತ್ತಿತ್ತು. ಹಿಂದೆ ಎರಡು ಮೂರು ನಾಯಿಗಳು. ಊರಿನವರು ಅವನಿಗೆ ಸಿಪ್ಪೆ ಗಂಗ ಎಂದು ಹೆಸರಿಟ್ಟಿದ್ದರು. ಬಾವಿಕಟ್ಟೆಯಲ್ಲಿ ಹೆಂಗಸರು ಮೂಗು ಮುಚ್ಚಿಕೊಂಡರೆ ಅವನು ನಿಂತು, "ಮುಚ್ಚಿಕೊಳ್ಳಿ ಅಕ್ಕಾ, ನಾಳೆ ನಿಮ್ಮ ಮನೆ ಗೋಡೆ ಬಿರುಕು ಬಿಟ್ಟಾಗ ನನ್ನೇ ಕರೀತೀರ" ಎಂದು ಹೇಳಿ ಮುಂದೆ ಹೋಗುತ್ತಿದ್ದ.

ಐವತ್ತರ ದಶಕದ ಮೊದಲ ವರ್ಷಗಳು ಅವು. ರಾಜಾಜಿನಗರದ ಕಡೆ ಗೂಟ ಹೊಡೆದು ಸೈಟು ಮಾಡುತ್ತಿದ್ದರು. ಅಲ್ಲಿ ಕೊಳ್ಳಲಾಗದವರು ನಮ್ಮೂರಿನ ಕೆಳಗಿದ್ದ ಬತ್ತಿದ ಕೆರೆಯ ಅಂಗಳದಲ್ಲಿ ಜಾಗ ಹಿಡಿದು ಮನೆ ಕಟ್ಟಲು ಬಂದರು. ಸುತ್ತಲೆಲ್ಲ ಕೆಮ್ಮಣ್ಣು, ಕೆರೆಯ ಅಂಗಳದಲ್ಲಿ ಮಾತ್ರ ಕರಿ ಎರೆ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಾಯಿ ಬಿಡುತ್ತಿತ್ತು. ಮಳೆ ಬಿದ್ದರೆ ಊದಿ ಮೇಲೇಳುತ್ತಿತ್ತು. ಅದರ ಮೇಲೆ ಕಟ್ಟಿದ ಗೋಡೆ ಎರಡನೆಯ ವರ್ಷಕ್ಕೆ ಸೀಳುತ್ತಿತ್ತು. ಅಣ್ಣ ಆ ಮಣ್ಣನ್ನು ಬಸುರಿ ಮಣ್ಣು ಎನ್ನುತ್ತಿದ್ದ. "ನೀರು ಕುಡಿದ್ರೆ ಹೊಟ್ಟೆ ಬರ್ತದೆ, ಒಣಗಿದ್ರೆ ಬಾಣಂತಿ ಥರ ಬಿಳಿಚ್ಕೊಂಡು ಬಿರೀತದೆ. ಇದ್ರ ಮೇಲೆ ಕೂತೋರು ನೆಮ್ಮದಿಯಾಗಿ ಕೂರೋ ಹಾಗಿಲ್ಲ" ಎಂದು ಹೇಳಿ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದ.

ಅವನು ಯಾವ ಶಾಲೆಯಲ್ಲೂ ಇದನ್ನು ಕಲಿತವನಲ್ಲ. ಗಾರೆ ಕೆಲಸದವರ ಹಿಂದೆ ಮಣ್ಣು ಹೊತ್ತವನು. ಕೆರೆಯ ಒಂದು ಮೂಲೆಯಲ್ಲಿ ಹೋಟೆಲಿನವರು ಬಹಳ ವರ್ಷದಿಂದ ಒಲೆಯ ಬೂದಿ, ಮೊಟ್ಟೆ ಸಿಪ್ಪೆ ಎಲ್ಲ ತಂದು ಸುರಿದು ಬೆಂಕಿ ಹಾಕುತ್ತಿದ್ದರು. ಒಂದು ಮಳೆಗಾಲ ಸೌದೆ ಗಾಡಿಯೊಂದು ಅಂಗಳದಲ್ಲಿ ಅಚ್ಚಿನ ಮಟ್ಟ ಹೂತುಕೊಂಡಿತು. ಎತ್ತುಗಳು ಎಳೆದು ಎಳೆದು ಹೇಗೋ ಆ ಕಸದ ಮೂಲೆಗೆ ಬಂದವು. ಅಲ್ಲಿ ಗಾಲಿ ಹೂಳಲಿಲ್ಲ, ಕಲ್ಲಿನ ಮೇಲೆ ಹೋದ ಹಾಗೆ ಸದ್ದು ಮಾಡಿಕೊಂಡು ಹೋಯಿತು. ಎಲ್ಲರೂ ಗಾಡಿ ಎದ್ದಿತಲ್ಲ ಎಂದು ಮನೆಗೆ ಹೋದರು. ಅಣ್ಣ ಮಾತ್ರ ಮಳೆಯಲ್ಲಿ ನೆನೆಯುತ್ತಾ ಅಲ್ಲೇ ಕೂತು ಹಾರೆಯಲ್ಲಿ ನೆಲ ಕೆದಕಿದ. ಮಾರನೆಯ ದಿನದಿಂದ ನಮ್ಮ ಮನೆಯ ಚೊಂಬು, ಲೋಟ, ತಣಿಗೆ ಯಾವುದೂ ಊಟಕ್ಕೆ ಸಿಗದಂತಾಯಿತು. ಎಲ್ಲದರಲ್ಲೂ ನೀರು, ನೀರಿನಲ್ಲಿ ನಿಂಬೆಹಣ್ಣಿನ ಗಾತ್ರದ ಮಣ್ಣಿನ ಉಂಡೆಗಳು. ಬರೀ ಎರೆಮಣ್ಣಿನ ಉಂಡೆ ಸ್ವಲ್ಪ ಹೊತ್ತಿನಲ್ಲೇ ಕರಗಿ ಅಂಬಲಿಯಾಗುತ್ತಿತ್ತು. ಬೂದಿ ಒಂದನ್ನೇ ಬೆರೆಸಿದ್ದು ಸ್ವಲ್ಪ ತಡೆದು ಕರಗುತ್ತಿತ್ತು. ಸುಟ್ಟ ಸಿಪ್ಪೆ ಮತ್ತು ಭತ್ತದ ಹೊಟ್ಟಿನ ಬೂದಿ ಎರಡನ್ನೂ ಬೆರೆಸಿ ಹದವಾಗಿ ಒಣಗಿಸಿದ್ದು ಮಾತ್ರ ವಾರವಾದರೂ ಉಂಡೆಯಾಗಿಯೇ ಇರುತ್ತಿತ್ತು. ಅವನು ಅದನ್ನು ನೀರಿನಿಂದ ಎತ್ತಿ ಗೋಡೆಗೆ ಎಸೆದು ಠಣ್ ಎನ್ನುವುದನ್ನು ಕೇಳಿ ನಗುತ್ತಿದ್ದ.

ಹಿತ್ತಲಲ್ಲಿ ಇಟ್ಟಿಗೆಯ ಸಣ್ಣ ಗೂಡು ಕಟ್ಟಿದ. ಒಂದು ಪದರ ಇದ್ದಿಲು, ಒಂದು ಪದರ ಸಿಪ್ಪೆ, ಕೆಳಗಿನಿಂದ ತಿದಿಯ ಗಾಳಿ. ಸುಟ್ಟ ಸಿಪ್ಪೆಯ ಮೇಲೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ ಬಿಸಿಯಾಗಿ ಹಿಟ್ಟಾಗಬೇಕು. ಬುಸುಗುಟ್ಟದಿದ್ದರೆ ಮತ್ತೆ ಗೂಡಿಗೆ. ಹೊಟ್ಟಿನ ಬೂದಿಗೆ ಕೆಂಗೇರಿಯ ಅಕ್ಕಿ ಗಿರಣಿಗೆ ಹೋಗುತ್ತಿದ್ದ. ಪಾಯದ ಗುಂಡಿಯ ತಳಕ್ಕೆ ಈ ಬೆರಕೆ ಹಾಕಿ, ದಿಮ್ಮಸಿನಲ್ಲಿ ಕುಟ್ಟಿ, ಒದ್ದೆ ಗೋಣಿ ಹೊದಿಸಿ ಹದಿನೈದು ದಿನ ಬಿಟ್ಟು, ಆಮೇಲೆ ಕಲ್ಲು ಇಡಿಸುತ್ತಿದ್ದ.

ಅಳತೆ ನನ್ನದು. ಮಣ್ಣು ಹತ್ತು ಬುಟ್ಟಿ, ಬೂದಿ ಎರಡು, ಸಿಪ್ಪೆ ಸುಣ್ಣ ಒಂದು. ರಾಗಿ ಅಳೆಯುವಾಗ ಹೇಳುವ ಹಾಗೆ ಮೊದಲ ಬುಟ್ಟಿಗೆ ಒಂದು ಎನ್ನದೆ ಲಾಭ ಎಂದು ಕೂಗಿ ಶುರು ಮಾಡುತ್ತಿದ್ದೆ. ಬೇರೆ ಕೂಲಿಯವರು ಬುಟ್ಟಿ ಮುಟ್ಟಿದರೆ ಅಣ್ಣ ಬೈಯುತ್ತಿದ್ದ. "ನಮ್ಮ ಪುಟ್ಟಿ ಕೈ ತಕ್ಕಡಿ ಕಣ್ರೋ, ನಿಮ್ಮದು ಸೌಟು" ಎನ್ನುತ್ತಿದ್ದ. ನಾನು ಅವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಗಂಡ ಬಿಟ್ಟ ಮೇಲೆ ಅವನ ಮನೆಗೇ ಬಂದಿದ್ದೆ. ಅವನ ಹೆಂಡತಿ ಹೆರಿಗೆಯಲ್ಲಿ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಆ ಮನೆಯಲ್ಲಿ ಇದ್ದವರು ನಾವಿಬ್ಬರೇ.

ಒಂದು ಸಲ ಓವರ್ಸಿಯರೊಬ್ಬರು ಸೈಕಲ್ಲು ನಿಲ್ಲಿಸಿ ಚೀಲದೊಳಗೆ ಇಣುಕಿ, ಇದೇನಯ್ಯ, ಪಾಯಕ್ಕೆ ಆಮ್ಲೆಟ್ ಹಾಕ್ತೀಯಾ ಎಂದು ನಕ್ಕರು. ಅಣ್ಣ ಕೈ ಮುಗಿದು, "ಆಮ್ಲೆಟ್ ತಾವು ತಿನ್ನಿ ಸ್ವಾಮಿ, ಸಿಪ್ಪೆ ನಂಗೆ ಕೊಡ್ಸಿ" ಎಂದ. ಅವರು ನಗುತ್ತಲೇ ಹೋದರು. ಆದರೆ ಹೊರಗೆ ಧೈರ್ಯವಾಗಿದ್ದ ಅಣ್ಣ ಮನೆ ಕಟ್ಟಿಸುವವರ ಹತ್ತಿರ ಮಾತ್ರ ಸಿಪ್ಪೆಯ ಮಾತು ಎತ್ತುತ್ತಿರಲಿಲ್ಲ. ಕೇಳಿದರೆ ಸುಣ್ಣ ಎನ್ನುತ್ತಿದ್ದ. ಸುಟ್ಟ ಮೇಲೆ ಅದರಲ್ಲಿ ಮೊಟ್ಟೆ ಎಲ್ಲಿರುತ್ತದೆ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಹೀಗೆ ಕೆರೆಯ ಅಂಗಳದಲ್ಲಿ ನಾಲ್ಕು ಮನೆಗೆ ಪಾಯ ಹಾಕಿದ. ಮಳೆಗಾಲ ಬಂದು ಹೋದರೂ ನಾಲ್ಕರಲ್ಲೂ ಕೂದಲೆಳೆಯಷ್ಟು ಬಿರುಕು ಕಾಣಲಿಲ್ಲ.

ಐದನೆಯ ಮನೆ ವೀರಪ್ಪ ಮೇಷ್ಟ್ರದು. ಚಿತ್ರದುರ್ಗದ ಕಡೆಯ ಲಿಂಗವಂತರು. ಮಾಗಡಿ ರಸ್ತೆಯಲ್ಲಿ ಬಾಡಿಗೆಗೆ ಇದ್ದರು. ಅವರ ಹೆಂಡತಿ ನೀಲಮ್ಮನವರ ಮನೆಗೆ ನಾನು ಮೊದಲು ಬೆರಣಿ ಕೊಡಲು ಹೋಗುತ್ತಿದ್ದೆ. ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ಎಂದು ತಿಳಿದ ಮೇಲೆ ಅವರು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸತೊಡಗಿದರು. ನಮ್ಮವ್ವ ಸತ್ತಾಗ ಅಡುಗೆಗೆ ಜನವಿಲ್ಲವೆಂದು ನನ್ನನ್ನು ಶಾಲೆ ಬಿಡಿಸಿದವನು ಅಣ್ಣನೇ. ನಾನು ಮೊದಲ ಸಲ ಅಂಗಡಿಯ ಬೋರ್ಡನ್ನು ತಡವರಿಸದೆ ಓದಿದ ದಿನ ಅವನು ರಸ್ತೆಯಲ್ಲೇ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ. "ಆ ತಾಯಿ ಮನೆಗೆ ಹಾಕೋ ಪಾಯ ನೂರು ವರ್ಷ ಅಲ್ಲಾಡಬಾರದು" ಎಂದು ಹೇಳಿದ. ಆ ಮನೆಗೆಂದೇ ಎರಡು ತಿಂಗಳು ಸಿಪ್ಪೆ ಕೂಡಿಹಾಕಿದ.

ಎಲ್ಲ ಗುಂಡಿಗಳನ್ನೂ ತುಂಬಿ ಈಶಾನ್ಯದ ದೇವರ ಕೋಣೆಯದು ಮಾತ್ರ ಉಳಿದಿತ್ತು. ಅಣ್ಣ ಮುಂದಿನ ಕೆಲಸಕ್ಕೆ ಬೇಕಾದ ಬೂದಿಗೆಂದು ಕೆಂಗೇರಿಗೆ ಹೋಗಿದ್ದ. ಆಗ ನೀಲಮ್ಮನವರು ಒಬ್ಬರೇ ಬಂದರು. ಅಲ್ಲಿ ಇನ್ನೂ ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಹಗ್ಗ ಕಟ್ಟಿದ ಗುಂಡಿ. ಆದರೂ ಚಪ್ಪಲಿ ದೂರದಲ್ಲೇ ಬಿಟ್ಟು ಬಂದು, ಮೂಲೆಯಲ್ಲಿ ಅರಿಶಿನ ಕುಂಕುಮ ಹಾಕಿ ಹೂವಿಟ್ಟು ಕೈ ಮುಗಿದರು. ನನ್ನ ಪಕ್ಕ ಸುಣ್ಣದ ಬುಟ್ಟಿ ಇತ್ತು. ಜರಡಿ ಹಿಡಿದ ಬಿಳಿ ಹಿಟ್ಟು. ಅವರು ಅದನ್ನು ಬೆರಳಲ್ಲಿ ತೆಗೆದು, "ಏಟು ಬೆಳ್ಳಗೈತವ್ವ, ವಿಭೂತಿ ಇದ್ದಂಗೈತೆ" ಎಂದು ನಗುತ್ತಾ ಬೆರಳನ್ನು ಹಣೆಯ ಕಡೆ ಒಯ್ದರು.

ನಾನು ಅವರ ಕೈ ಹಿಡಿದುಬಿಟ್ಟೆ. ಬೇಡಿ ಅಮ್ಮಾರೆ, ಚರ್ಮ ಸುಡ್ತದೆ ಎಂದೆ. ಅವರು ಒಳ್ಳೆಯದಾಯಿತು ಹೇಳಿದ್ದು ಎಂದು ಸೆರಗಿಗೆ ಬೆರಳು ಒರೆಸಿಕೊಂಡು, ನನ್ನ ಕೆನ್ನೆ ಸವರಿ ಹೊರಟುಹೋದರು.

ಅವರು ಹೋದ ಮೇಲೆ ನನ್ನ ಕೈ ಆ ಬುಟ್ಟಿಗೆ ಹೋಗಲಿಲ್ಲ. ನಾಳೆ ಅವರು ಇಲ್ಲೇ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಾರೆ. ಕೆಳಗೆ ಮಿಲಿಟ್ರಿ ಹೋಟೆಲಿನ ಮೊಟ್ಟೆ. ನನಗೆ ಅಕ್ಷರ ಕೊಟ್ಟವರಿಗೆ ನಾನು ಹೀಗೆ ಮಾಡಬಹುದೇ ಎನ್ನಿಸಿತು. ಒಂದು ಕೋಣೆ ತಾನೆ, ಅಷ್ಟಕ್ಕೆ ಏನಾಗುತ್ತದೆ ಎಂದೂ ಅನ್ನಿಸಿತು. ಲಾಭ ಎಂದು ಕೂಗಿ, ಸುಣ್ಣದ ಬದಲು ಮೂರನೆಯ ಬುಟ್ಟಿ ಬೂದಿ ಸುರಿದೆ. ಸಂಜೆಯವರೆಗೂ ಹಾಗೆಯೇ ಸುರಿದೆ. ಕೂಲಿಯವರು ಕುಟ್ಟಿದರು. ಉಳಿದ ಸುಣ್ಣವನ್ನು ಹೊತ್ತುಕೊಂಡು ಹೋಗಿ ಕೆರೆಯ ಹಳ್ಳಕ್ಕೆ ಚೆಲ್ಲಿದೆ.

ಅಣ್ಣ ಬಂದು ಬಗ್ಗಿ ನೋಡಿ, ಇಲ್ಲಿ ಯಾಕೆ ಕಪ್ಪಗಿದೆ ಎಂದು ಕೇಳಿದ. ನೀರು ಜಾಸ್ತಿ ಆಯಿತು, ಒಣಗಿದರೆ ಸರಿಯಾಗುತ್ತದೆ ಎಂದೆ. ಅವನು ಇನ್ನೊಂದು ಮಾತು ಕೇಳದೆ ಗೋಣಿ ಹೊದಿಸಿದ.

ಯುಗಾದಿ ಕಳೆದ ಮೇಲೆ ಗೃಹಪ್ರವೇಶವಾಯಿತು. ಮುಂಗಾರು ಸಣ್ಣಗೆ ಬಂತು, ಏನೂ ಆಗಲಿಲ್ಲ. ಚಿತ್ತೆ ಮಳೆ ಜೋರಾಗಿ ಹಿಡಿಯಿತು. ದೇವರ ಕೋಣೆಯ ನೆಲ ಉಬ್ಬಿ ಕಲ್ಲುಚಪ್ಪಡಿ ಎದ್ದಿದೆ ಎಂದು ಮೇಷ್ಟ್ರು ಹೇಳಿಕಳಿಸಿದರು. ಅಣ್ಣ ಹೋಗಿ ನೋಡಿ ಬಂದು, ಊಟ ಮಾಡದೆ ಕೂತ. ಮರುದಿನ ಗೋಡೆಗೆ ಮರದ ಆನಿಕೆ ಕೊಡಬೇಕೆಂದು ಹೊರಡುತ್ತಿರುವಾಗಲೇ ಸುದ್ದಿ ಬಂತು. ಬೆಳಗಿನ ಪೂಜೆಗೆ ಕೂತಿದ್ದ ನೀಲಮ್ಮನವರ ಮೇಲೆ ಗೋಡೆ ಬಿದ್ದಿತ್ತು.

ಜೀವ ಉಳಿಯಿತು. ಸೊಂಟದ ಕೆಳಗೆ ಉಳಿಯಲಿಲ್ಲ. ಆಮೇಲೆ ಅವರನ್ನು ಎತ್ತಿ ಕೂರಿಸಬೇಕಾಗಿತ್ತು, ಎತ್ತಿ ಮಲಗಿಸಬೇಕಾಗಿತ್ತು.

ಸಿಪ್ಪೆಯ ವಿಷಯವನ್ನು ಊರಿನವರೇ ಯಾರೋ ಮೇಷ್ಟ್ರ ಕಿವಿಗೆ ಹಾಕಿದರು. ಅವರು ನಮ್ಮ ಮನೆಗೆ ಬಂದರು. ಜೋರಾಗಿ ಮಾತಾಡುವವರಲ್ಲ. ಬಾಗಿಲಲ್ಲಿ ನಿಂತು, "ದೇವರ ಕೋಣೆ ಕೆಳಗೂ ಮೊಟ್ಟೆ ಸಿಪ್ಪೆ ಹಾಕಿದ್ಯೇನೋ ಗಂಗಯ್ಯ?" ಎಂದು ಕೇಳಿದರು.

ಅಣ್ಣ ತಲೆ ಬಗ್ಗಿಸಿದ. "ಹಾಕಿದೀನಿ ಸ್ವಾಮಿ."

ನಾನು ಕೊಡ ಸೊಂಟದಲ್ಲಿಟ್ಟುಕೊಂಡು ಅವನ ಹಿಂದೆಯೇ ಇದ್ದೆ. ಮೇಷ್ಟ್ರು ಗೂಡಿನ ಕಡೆ ಒಮ್ಮೆ ನೋಡಿ, ಅವಳು ಮೂವತ್ತು ವರ್ಷ ಶಿವಪೂಜೆ ತಪ್ಪಿಸಿದವಳಲ್ಲ ಎಂದಷ್ಟೇ ಹೇಳಿ ಹೋದರು. ದೇವರ ಕೆಳಗೆ ಮೊಟ್ಟೆ ಇಟ್ಟದ್ದಕ್ಕೆ ಶಿವ ನೆಲವನ್ನೇ ಎತ್ತಿ ಹಾಕಿದ ಎಂದು ಊರೆಲ್ಲ ಮಾತಾಯಿತು. ಮೊಟ್ಟೆ ಇಲ್ಲದ್ದಕ್ಕೆ ಬಿದ್ದದ್ದು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅವರು ಹೋದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. ಅವನು ಕೇಳಲು ಎಷ್ಟು ಹಿಂಜರಿದ ಎನ್ನುವುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. "ಅವತ್ತು ಅಳತೆ ಸರಿಯಾಗಿತ್ತಾ ಪುಟ್ಟಿ?" ಎಂದ.

"ಸರಿಯಾಗಿತ್ತಣ್ಣ" ಎಂದೆ.

ಮೇಷ್ಟ್ರು ದೇವರ ಕೋಣೆಯ ಪಾಯ ಅಗೆಸಿ, ಮೈಲಿಗೆ ಮಣ್ಣೆಂದು ಬೀದಿಗೆ ಹಾಕಿಸಿ, ಗೋಮೂತ್ರ ಚಿಮುಕಿಸಿದರು. ಬೇರೆ ಕೋಣೆಗಳನ್ನು ಮುಟ್ಟಲಿಲ್ಲ. ಅಣ್ಣ ಆ ರಾಶಿಯಿಂದ ಒಂದು ಹೆಂಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಜಗಲಿಯ ಮೇಲೆ ಒಣಗಿಸಿ, ಮೂರನೆಯ ದಿನ ಮಧ್ಯಾಹ್ನ ಚೊಂಬಿನ ನೀರಿಗೆ ಬಿಟ್ಟು ಎದುರಿಗೆ ಕೂತ. ನಾನು ಅಕ್ಕಿ ಆರಿಸುತ್ತಿದ್ದೆ. ಮೊದಲು ಗುಳ್ಳೆಗಳು ಎದ್ದವು. ಆಮೇಲೆ ಅಂಚು ಉದುರಿತು. ನೀರು ಬೂದು ಬಣ್ಣಕ್ಕೆ ತಿರುಗಿತು. ಅವನು ಕೈ ಹಾಕಿದಾಗ ಬೆರಳ ಸಂದಿಯಲ್ಲಿ ಕೆಸರು ಬಿಟ್ಟರೆ ಏನೂ ಸಿಗಲಿಲ್ಲ. ಕೆಸರಿನ ಕೈಯನ್ನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡು, "ಒಂದು ಮಳೆಗಾಲ ತಡೀಲಿಲ್ಲ ಕಣಮ್ಮ. ಜನಕ್ಕೆ ಮೋಸ ಮಾಡ್ದೆ ನಾನು" ಎಂದ.

ಆ ಹೊತ್ತಿನಲ್ಲಿ ಹೇಳಬಹುದಿತ್ತು. ನಮ್ಮಿಬ್ಬರ ನಡುವೆ ಒಂದು ಮೊರ ಇತ್ತು, ಅಷ್ಟೇ. ಹೇಳಿದ್ದರೆ ನೀಲಮ್ಮನವರ ಸೊಂಟ ಮುರಿದವಳು ನಾನಾಗುತ್ತಿದ್ದೆ. ಹೇಳದಿದ್ದರೆ ಅವನು. ನಾನು ಕಲ್ಲು ಹೆಕ್ಕುತ್ತಲೇ ಇದ್ದೆ.

ಮರುದಿನ ಗೂಡನ್ನು ಹಾರೆಯಿಂದ ಒಡೆದ. ತಿದಿಯನ್ನು ಕಮ್ಮಾರನಿಗೆ ಕೊಟ್ಟುಬಿಟ್ಟ. ಆಮೇಲೆ ಮಾಡಿದ ಕೆಲಸವನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ. ಹಿಂದೆ ಪಾಯ ಹಾಕಿದ್ದ ನಾಲ್ಕು ಮನೆಗಳ ಬಾಗಿಲಿಗೂ ಹೋಗಿ, ಬರುವ ಮಳೆಗೆ ಮುಂಚೆ ಪಾಯ ಬಿಚ್ಚಿಸಿ ಬೇರೆಯವರ ಹತ್ತಿರ ಕಟ್ಟಿಸಿ, ನನ್ನ ಬೆರಕೆ ನಂಬಬೇಡಿ ಎಂದು ಕೈ ಮುಗಿದು ಹೇಳಿದ. ಒಬ್ಬರು ಹುಚ್ಚು ಹಿಡಿದಿದೆಯಾ ಎಂದರು. ಇನ್ನೊಬ್ಬರು ಹೊಸ ಕೆಲಸ ಗಿಟ್ಟಿಸಲು ಹೆದರಿಸುತ್ತೀಯಾ ಎಂದು ಕೋಲು ತೆಗೆದರು. ಗೋಡೆಗಳು ನೆಟ್ಟಗೆ ನಿಂತಿದ್ದವು. ಯಾರು ತಾನೆ ಬಿಚ್ಚಿಸುತ್ತಾರೆ?

ಹೊಸಹಳ್ಳಿಯಲ್ಲಿ ಅವನಿಗೆ ಕೆಲಸ ಕೊಡುವವರಿರಲಿಲ್ಲ. ಕೆಂಗೇರಿಯ ಆಚೆ ಮೈಸೂರು ರಸ್ತೆಗೆ ಜಲ್ಲಿ ಒಡೆಯುವ ಕಡೆ ಸೇರಿ ಅಲ್ಲೇ ಗುಡಿಸಲು ಹಾಕಿಕೊಂಡ. ನಾನು ಬರುತ್ತೇನೆಂದರೆ ಬೇಡವೆಂದ. ಕಂಡವರ ಮನೆಯ ಕಸ ಮುಸುರೆ ಮಾಡಿಕೊಂಡು ನಾನು ಊರಲ್ಲೇ ಉಳಿದೆ. ನೀಲಮ್ಮನವರ ಮನೆಗೆ ಮತ್ತೆ ಹೋಗಲಿಲ್ಲ. ಎರಡು ಸಲ ಹೇಳಿಕಳಿಸಿದ್ದರು, ಪುಟ್ಟಮ್ಮ ಯಾಕೆ ಓದಲಿಕ್ಕೆ ಬರ್ತಿಲ್ಲ ಎಂದು. ಬೀದಿ ಬಳಸಿ ಓಡಾಡತೊಡಗಿದೆ.

ಮಳೆಗಾಲದಲ್ಲಿ ಮಾತ್ರ ಅಣ್ಣ ಬರುತ್ತಿದ್ದ. ನನ್ನನ್ನು ನೋಡಲು ಅಲ್ಲ. ದೊಡ್ಡ ಮಳೆ ಹಿಡಿದರೆ ಕೆಲಸ ಬಿಟ್ಟು, ಗೋಣಿಯ ಕೊಪ್ಪೆ ಹಾಕಿಕೊಂಡು, ಕೆಂಗೇರಿಯಿಂದ ನಡೆದು ಬಂದು ಆ ನಾಲ್ಕು ಮನೆಗಳ ಎದುರು ಒಂದೊಂದಾಗಿ ನಿಲ್ಲುತ್ತಿದ್ದ. ಗೋಡೆಯನ್ನು ಮೇಲಿಂದ ಕೆಳಗೆ ನೋಡುವುದು, ಮೂಲೆ ನೋಡುವುದು, ಮುಂದಿನ ಮನೆಗೆ ಹೋಗುವುದು. ಒಂದು ಮನೆಯ ಮುದುಕಿ ಪಾಪ ಎಂದು ಕಾಫಿ ತಂದು ಕೊಡುತ್ತಿದ್ದರಂತೆ. ಅವನು ಕಾಫಿ ಮುಟ್ಟದೆ, ಮಕ್ಕಳನ್ನು ಗೋಡೆ ಪಕ್ಕ ಮಲಗಿಸಬೇಡಿ ಎಂದು ಹೇಳಿ ಹೋಗುತ್ತಿದ್ದನಂತೆ. ಐದು ಮಳೆಗಾಲ ಹೀಗೆ ಬಂದ. ಐದರಲ್ಲೂ ಗೋಡೆಗಳು ಇದ್ದ ಹಾಗೇ ಇದ್ದವು. ಇನ್ನೇನು ಬೇಕು, ನಿನ್ನ ಕೆಲಸ ಗಟ್ಟಿಯಿದೆ ಎಂದು ನಾನು ಒಮ್ಮೆ ಹೇಳಿದಾಗ, ಮೇಷ್ಟ್ರ ಮನೆಯೂ ಬೀಳುವ ಹಿಂದಿನ ದಿನದವರೆಗೆ ನಿಂತೇ ಇತ್ತು ಎಂದ.

ಜಲ್ಲಿಯ ಧೂಳು ಎದೆಗೆ ಇಳಿಯಿತು. ದಶಕ ಮುಗಿಯುತ್ತಾ ಬಂದ ಕಾಲಕ್ಕೆ ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿದು ಹೋದೆ. ಎಲುಬಿನ ಗೂಡಿನ ಮೇಲೆ ಕಂಬಳಿ ಹೊದಿಸಿದ ಹಾಗಿದ್ದ. ನಾನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೆ. ರಾಗಿ ಗಂಜಿ ಎರಡು ಚಮಚ ಕುಡಿಸಿದೆ. ಆಮೇಲೆ ಅವನು ಉಸಿರು ಎಳೆದುಕೊಂಡು, ನಾನು ಹೋದ ಮೇಲೆ ಮಳೆಗಾಲದಲ್ಲಿ ಆ ನಾಲ್ಕು ಮನೆಯವರಿಗೆ ಗೋಡೆ ನೋಡಿಕೊಳ್ಳಿ ಅಂತ ನೀನು ಹೋಗಿ ಹೇಳು, ಮರೆಯಬೇಡ ಎಂದ. ಅಷ್ಟು ವರ್ಷ ಹೊರಗೆ ಬಾರದ್ದು ಆಗ ಬಂತು.

"ಅಣ್ಣ, ದೇವರ ಕೋಣೆಗೆ ನಾನು ಸಿಪ್ಪೆ ಸುಣ್ಣ ಹಾಕಲೇ ಇಲ್ಲ. ಬರೀ ಬೂದಿ ಹಾಕಿದೆ. ನಿನ್ನ ಬೆರಕೆ ಕೆಡಲಿಲ್ಲ. ಕೆಡಿಸಿದ್ದು ನಾನು."

ಅವನು ಸೂರಿನ ಕಡೆ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. ಕೋಪ ಬರುತ್ತದೆ ಎಂದುಕೊಂಡೆ. ಕೋಪ ಬರಲಿ ಎಂದು ಕಾದೆ.

"ಯಾರು ಹೇಳ್ಕೊಟ್ರು ನಿಂಗೆ ಹೀಗನ್ನು ಅಂತ?" ಎಂದ.

ಯಾರೂ ಅಲ್ಲ, ನಿಜ ಎಂದೆ. ನೀಲಮ್ಮನವರು ಬಂದದ್ದು, ಹಣೆಯ ಹತ್ತಿರ ಬೆರಳು ಒಯ್ದದ್ದು, ಹಳ್ಳಕ್ಕೆ ಸುಣ್ಣ ಚೆಲ್ಲಿದ್ದು, ಒಂದೊಂದನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಸಣ್ಣವಳಿದ್ದಾಗ ನಾನು ಕಟ್ಟಿ ಹೇಳುತ್ತಿದ್ದ ಕಥೆಗಳನ್ನು ಹೀಗೆಯೇ ಕೇಳುತ್ತಿದ್ದ.

"ಸಾಯೋನಿಗೆ ಸಮಾಧಾನ ಹೇಳೋಕೆ ನಿನ್ನ ಮೇಲೆ ಎಳ್ಕೋಬೇಡ ಕಣಮ್ಮ. ನಿನ್ನ ಕೈ ನಂಗೊತ್ತಿಲ್ವಾ? ಅವತ್ತು ಅಳತೆ ಸರಿಯಾಗಿತ್ತಾ ಅಂತ ಕೇಳ್ದೆ ನೋಡು, ಅದು ತಪ್ಪು ನಂದು. ಒಡಹುಟ್ಟಿದೋಳ ಮೇಲೆ ಅನುಮಾನ ಪಟ್ಟೆ. ಅದೊಂದು ಎದೇಲಿ ಉಳ್ಕೊಂಡದೆ."

ಅವ್ವನ ಆಣೆ ಎನ್ನಲು ಬಾಯಿ ತೆರೆದೆ. ಅವನು ಕೈಯೆತ್ತಿ ನನ್ನ ಬಾಯಿಯ ಮೇಲಿಟ್ಟ. ಆ ಕೈಯಲ್ಲಿ ತೂಕವೇ ಇರಲಿಲ್ಲ. ಆದರೂ ಅದನ್ನು ಸರಿಸಿ ಮಾತು ಮುಂದುವರಿಸುವುದು ನನ್ನಿಂದ ಆಗಲಿಲ್ಲ.

ಹೊತ್ತಾಯಿತು, ಹೊರಗೆ ಹೋಗಿ ಎಂದು ನರ್ಸಮ್ಮ ಬಂದು ಎಬ್ಬಿಸಿದರು. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಅಣ್ಣ ಮೊಣಕೈ ಊರಿ ಏಳಲು ನೋಡುತ್ತಾ, ಹೊರಗೆ ಮೋಡ ಆಗಿದೆಯಾ ಎಂದು ಪಕ್ಕದ ಹಾಸಿಗೆಯವನನ್ನು ಕೇಳುತ್ತಿದ್ದ. ಮೂರನೆಯ ದಿನ ಗಂಜಿ ತೆಗೆದುಕೊಂಡು ಹೋದೆ. ಆ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು.